ಬಿ. ವಿ. ಕಾರಂತರ ರಂಗಗೀತಗಳೂ ಧ್ರುವಾಗಾನವೂ

ಸಕಲೇಶಪುರ, ಆಲೂರು ಸೀಮೆಗಳ ಬೆಟ್ಟದೂರುಗಳಲ್ಲಿ ಗ್ರಾಮದೇವತೆಯ ಸುಗ್ಗಿ ನಡೆಯುವಾಗ ಹಾಡಿಗೂ ಹೆಜ್ಜೆಗೂ ಭೇದವೆಣಿಸುವವರಿಲ್ಲ. ಅದೇ ಹಾಡನ್ನು ಜಗುಲಿಯಲ್ಲಿ ಕುಳಿತು ಹೇಳಿದರೆ ಕೇಳುವವನಿಗೆ ಅರ್ಧವೇ ದೊರೆತಂತಾಗುವುದು. ಈ ಬೆಟ್ಟಗಳಿಂದ ಶಿರಾಡಿಯ ಘಟ್ಟವನ್ನಿಳಿದು ಪಡುವಲಿಗೆ ಸಾಗಿದರೆ ಬಂಟವಾಳದ ಸೀಮೆ. ಆ ಸೀಮೆಯ ಬಾಬುಕೋಡಿಯವರಾದ ಬಿ. ವಿ. ಕಾರಂತರು (1929–2002) ಕನ್ನಡ ರಂಗಭೂಮಿಗೆ ಕೊಟ್ಟ ಗೀತಗಳ ಮರ್ಮವೂ ಇದೇ ಎಂಬುದು ಪರಿಶೀಲನಾರ್ಹವಾದ ವಿಷಯವು.

ಕಾರಂತರು ಬಾಲ್ಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ಕಂಪೆನಿಯನ್ನು ಸೇರಿದರು. ವೀರಣ್ಣನವರ ಪ್ರೋತ್ಸಾಹದಿಂದ ಕಾಶಿಗೆ ಹೋಗಿ ಹಿಂದಿಯನ್ನು ವ್ಯಾಸಂಗಮಾಡಿ, ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನು ಅಭ್ಯಸಿಸಿದರು. ಅನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದರ ನಿರ್ದೇಶಕರೇ ಆದರು. ಹೀಗೆ ಯಕ್ಷಗಾನದ ನಾಡು, ಕಂಪೆನಿಯ ರಂಗ, ಶಾಸ್ತ್ರೀಯ ಸಂಗೀತ ಇವು ಮೂರೂ ಅವರಲ್ಲಿ ಸಂಗಮಿಸಿದುವು.

ಕಂಪೆನಿ ನಾಟಕಗಳಲ್ಲಿ ಗೀತವು ಬಹುಮಟ್ಟಿಗೆ ಗಾಯಕನಟನ ಸ್ವತ್ತಾಗಿದ್ದಿತು. ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಲು, ಮರಣಶಯ್ಯೆಯಲ್ಲಿರುವ ಪಾತ್ರವೂ ಮತ್ತೊಮ್ಮೆ ಹಾಡಬೇಕಾಗುತ್ತಿದ್ದಿತು. ಭರತಮುನಿಯಾದರೋ ನಾಟ್ಯಪ್ರಯೋಗದ ಗೀತಕ್ಕೆ ಧ್ರುವಾ ಎಂಬ ಹೆಸರಿಟ್ಟು, ಪ್ರಾವೇಶಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ, ನೈಷ್ಕ್ರಾಮಿಕೀ ಎಂದು ಐದಾಗಿ ವಿಂಗಡಿಸಿರುವನು. ಈ ವಿಭಾಗಕ್ಕೆ ಆಧಾರವು ರಾಗವಲ್ಲ, ಪ್ರಯೋಗದಲ್ಲಿ ಗೀತವು ಮಾಡುವ ಕಾರ್ಯವು. ಪಾತ್ರವನ್ನು ತರುವುದೊಂದು, ನಡೆಯುತ್ತಿರುವ ಭಾವವನ್ನು ಮುರಿಯುವುದೊಂದು, ಕಲಕಿದ ಸಭೆಯನ್ನು ತಿಳಿಗೊಳಿಸುವುದೊಂದು, ಪ್ರಯೋಗದ ನಡುವಣ ತೆರಪನ್ನು ತುಂಬುವುದೊಂದು, ಪಾತ್ರವನ್ನು ಕಳುಹುವುದೊಂದು. ಕಾರಂತರ ಗೀತಗಳನ್ನು ಅಳೆಯತಕ್ಕ ಕೋಲು ಇದೇ.

ಶ್ರೀರಂಗರ 'ಸತ್ತವರ ನೆರಳು' ನಾಟಕದಲ್ಲಿ ಕಾರಂತರು ಪುರಂದರದಾಸರ ಪದಗಳನ್ನು ಬಳಸಿಕೊಂಡರು. ಭಜನೆಯಲ್ಲಿ ಭಕ್ತಿಯನ್ನು ಹುಟ್ಟಿಸುವ ಪದವೇ ಮಠದ ಅಧಿಕಾರಕ್ಕಾಗಿ ನಡೆಯುವ ಕಲಹದ ನಡುವೆ ಕೇಳಿಬಂದಾಗ ವ್ಯಂಗ್ಯವಾಗಿ ಪರಿಣಮಿಸುವುದು. ಸಾಹಿತ್ಯವು ಬದಲಾಗಲಿಲ್ಲ, ಸನ್ನಿವೇಶವು ಅರ್ಥವನ್ನು ತಿರುಗಿಸಿತು. ಇದು ಆಕ್ಷೇಪಿಕಿಯ ಲಕ್ಷಣವು. 1979ರಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಮ್ ವನ' ಎಂದು ಹಿಂದಿಯಲ್ಲಿ ಪ್ರಯೋಗಿಸಿದಾಗ ಅವರು ಯಕ್ಷಗಾನದ ನಡೆಯನ್ನು ಅಳವಡಿಸಿದರು. ಕನ್ನಡದ ಮಾತು ಅಲ್ಲಿಲ್ಲದಿದ್ದರೂ ಕರಾವಳಿಯ ಹೆಜ್ಜೆಯು ಹಿಂದಿಯ ಮಾತನ್ನು ಹೊತ್ತು ನಡೆಯಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ರಂಗದಿಂದ ಬೇರ್ಪಡಿಸಿದರೆ ಸೊರಗುವ ಗೀತವು ಉತ್ತಮಗೀತವೆಂತಾದೀತು? ಎಂದು. ಇದಕ್ಕೆ ಸಮಾಧಾನವು: ಕಣ್ಣು ಮುಖದಲ್ಲಿದ್ದಾಗಲೇ ಸುಂದರವು, ಕಿತ್ತಿಟ್ಟು ನೋಡಿದರೆ ಸುಂದರವಲ್ಲವೆಂಬುದು ಕಣ್ಣಿನ ದೋಷವಾಗಲಾರದು. ಆದರೆ ಬೇರೊಂದು ಆಕ್ಷೇಪವನ್ನು ತಳ್ಳಿಹಾಕಲಾಗದು. ಗೀತವಾದ್ಯನೃತ್ತಗಳು ಅತಿಯಾದರೆ ಆಡುವವರಿಗೂ ನೋಡುವವರಿಗೂ ಖೇದವುಂಟಾಗುವುದೆಂದು ಪೂರ್ವರಂಗದ ಪ್ರಕರಣದಲ್ಲಿ ಭರತನೇ ಎಚ್ಚರಿಸಿರುವನು. ಕಾರಂತರ ಪ್ರಯೋಗಗಳಲ್ಲಿಯೂ ಮೇಳದ ಉತ್ಸಾಹವು ಒಮ್ಮೊಮ್ಮೆ ಮಾತನ್ನು ಮುಚ್ಚುವುದುಂಟು. ಅವರ ಅನುಕರಣಮಾಡಿದವರಲ್ಲಿ ಈ ದೋಷವು ಇಮ್ಮಡಿಸಿತು.

ಈಗ ಆ ಗೀತಗಳು ರಂಗಗೀತೆಗಳ ಕಚೇರಿಯಲ್ಲಿ ಬಿಡಿಬಿಡಿಯಾಗಿ ಕೇಳಿಬರುತ್ತಿವೆ. ಮಟ್ಟು ಉಳಿಯುತ್ತಿದೆ, ಕಾರ್ಯವು ಮರೆಯಾಗುತ್ತಿದೆ. ಆದುದರಿಂದ ಸ್ವರಲಿಪಿಯೊಡನೆ, ಯಾವ ಪಾತ್ರದ ಪ್ರವೇಶ, ಎಂತಹ ನಡೆ, ಹಿಂದಿನ ಮಾತು ಯಾವುದು, ಮುಂದಿನ ಮೌನವೆಷ್ಟು ಎಂಬುದನ್ನೂ ಪ್ರಯೋಗವನ್ನು ಬಲ್ಲವರು ಇರುವಾಗಲೇ ಬರೆದಿಡತಕ್ಕದ್ದು. ಉಪಾಧ್ಯಾಯರು ಗೀತವನ್ನು ದೃಶ್ಯದೊಡನೆಯೇ ಪಾಠಹೇಳತಕ್ಕದ್ದು. ಇಲ್ಲವಾದರೆ ಉಳಿಯುವುದು ಕುಣಿತವಿಲ್ಲದ ಸುಗ್ಗಿಯ ಹಾಡು.