ಬೆಳ್ಳಿ ಹೊಳೆಯ ಎರಡು ದಡ

ಚೀನಾದ ಜನಪದ ಕಥೆಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ದನಗಾಹಿ ಮತ್ತು ನೇಯುವ ಹುಡುಗಿಯ ಕಥೆಯಿಂದ. ಚೀನೀಯರು ತಮ್ಮ ನಾಲ್ಕು ಮಹಾಕಥೆಗಳೆಂದು ಎಣಿಸುವವುಗಳಲ್ಲಿ ಇದೂ ಒಂದು. ಮಹಾಗೋಡೆಯ ಬುಡದಲ್ಲಿ ಗಂಡನಿಗಾಗಿ ಅತ್ತ ಮೆಂಗ್ ಜಿಯಾಂಗ್, ಬಿಳಿ ಹಾವಿನ ಹೆಂಗಸು, ಚಿಟ್ಟೆಗಳಾದ ಪ್ರೇಮಿಗಳು, ಇವು ಉಳಿದ ಮೂರು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಂತೂ ಬೇರೆ ಕಡೆ ಹುಡುಕುವುದೇ ಬೇಡ. ದನ ಕಾಯುವವರೂ ರೇಷ್ಮೆ ನೇಯುವವರೂ ಅಕ್ಕಪಕ್ಕ ಬಾಳುವ ನೆಲವಿದು. ಈ ಕಥೆಗೆ ತಕ್ಕ ಕಿವಿ ಇಲ್ಲಿದೆ.

ತಂದೆತಾಯಿ ಇಲ್ಲದ ಹುಡುಗ. ಅಣ್ಣ ಅತ್ತಿಗೆ ಮನೆಯಿಂದ ಹೊರಹಾಕಿದಾಗ ಅವನ ಪಾಲಿಗೆ ಬಂದದ್ದು ಮುದಿ ಎತ್ತೊಂದೇ. ಆ ಎತ್ತು ಮಾತಾಡುತ್ತದೆ: ದೇವಲೋಕದ ಕನ್ಯೆಯರು ಮೀಯಲು ಬರುತ್ತಾರೆ, ನೇಯುವವಳ ಬಟ್ಟೆ ಎತ್ತಿಟ್ಟುಕೋ. ಹುಡುಗಿ ಭೂಮಿಯಲ್ಲಿ ಉಳಿಯುತ್ತಾಳೆ, ಇಬ್ಬರು ಮಕ್ಕಳಾಗುತ್ತಾರೆ. ಎತ್ತು ಸಾಯುವ ಮುಂಚೆ, ನನ್ನ ಚರ್ಮ ತೆಗೆದಿಡು, ಕಷ್ಟಕಾಲಕ್ಕಾಗುತ್ತದೆ ಎನ್ನುತ್ತದೆ. ದೇವಲೋಕದ ರಾಣಿ ಹೆಂಡತಿಯನ್ನು ಎಳೆದೊಯ್ದಾಗ ಅವನು ಆ ಚರ್ಮ ಹೊದ್ದು, ಕಾವಡಿಯ ಬುಟ್ಟಿಗಳಲ್ಲಿ ಮಕ್ಕಳನ್ನು ಕೂರಿಸಿ ಆಕಾಶಕ್ಕೇರುತ್ತಾನೆ. ರಾಣಿ ಮುಡಿಯ ಸೂಜಿ ತೆಗೆದು ಗೀರುತ್ತಾಳೆ. ಗೀರಿದಲ್ಲಿ ಬೆಳ್ಳಿ ಹೊಳೆ ಹರಿಯುತ್ತದೆ. ನಮ್ಮ ಆಕಾಶಗಂಗೆ ಅದೇ. ಏಳನೇ ತಿಂಗಳ ಏಳನೇ ದಿನ ಮಾತ್ರ ಕಾಗೆಯ ಕುಲದ ಕಪ್ಪು-ಬಿಳಿ ಹಕ್ಕಿಗಳು ಸೇತುವೆಯಾಗುತ್ತವೆ, ಗಂಡ ಹೆಂಡತಿ ಕೂಡುತ್ತಾರೆ.

ಇದು ಈಗ ಎಲ್ಲರೂ ಹೇಳುವ ರೂಪ. ಸುಮಾರು 1500 ವರ್ಷ ಹಿಂದಿನ ರೂಪ ಬೇರೆ, ನನಗೆ ಅದೇ ಹೆಚ್ಚು ಇಷ್ಟ. ಅಲ್ಲಿ ಬಟ್ಟೆ ಕದಿಯುವ ಮಾತಿಲ್ಲ. ತಲೆ ಬಾಚಿಕೊಳ್ಳಲೂ ಬಿಡುವಿಲ್ಲದೆ ಮೋಡದ ಬಟ್ಟೆ ನೇಯುವವಳ ಒಂಟಿತನಕ್ಕೆ ಮರುಗಿ ದೇವರಾಜನೇ ಅವಳನ್ನು ಹೊಳೆಯಾಚೆಯ ದನಗಾಹಿಗೆ ಕೊಡುತ್ತಾನೆ. ಮದುವೆಯಾದ ಮೇಲೆ ಮಗ್ಗ ನಿಲ್ಲುತ್ತದೆ. ದೇವರಾಜ ಸಿಟ್ಟಾಗಿ ಇಬ್ಬರನ್ನೂ ಅಗಲಿಸುತ್ತಾನೆ. ದುಡಿಮೆಗೂ ಸಂಸಾರಕ್ಕೂ ನಡುವಿನ ಜಗ್ಗಾಟವೇ ಇಲ್ಲಿಯ ಕಥೆ. ಮೊಳಕಾಲ್ಮುರಿನ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಆಡಿಸುವವರಿಗೆ, ಮಗ್ಗ ನಿಲ್ಲುವುದೆಂದರೇನು ಎಂದು ವಿವರಿಸಬೇಕಿಲ್ಲ.

ಮಾತಾಡುವ ಎತ್ತೂ ಈ ಸೀಮೆಗೆ ಹೊಸತಲ್ಲ. ಗೋವಿನ ಹಾಡು ಕೇಳಿ ಬೆಳೆದವರಿಗೆ ದನದ ಮಾತು ಸಹಜ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಹೂಡುವುದಿಲ್ಲ, ಅವನ್ನು ಕಾಯಲೆಂದೇ ಕಿಲಾರಿ ಇರುತ್ತಾನೆ. ಅಂಥವರ ಮುಂದೆ ಎತ್ತಿನ ಚರ್ಮ ಹೊದ್ದ ಪ್ರಸಂಗ ಹೇಳುವಾಗ, ಅದು ಎತ್ತು ತಾನಾಗಿ ಕೊಟ್ಟ ಕೊಡುಗೆ ಎಂಬುದನ್ನು ಒತ್ತಿ ಹೇಳಬೇಕು. ಕಥೆಯ ತೂಕವೆಲ್ಲ ಆ ಕೊಡುಗೆಯಲ್ಲಿದೆ.

ಇನ್ನು ಆಕಾಶ. ನೇಯುವವಳ ನಕ್ಷತ್ರ ನಮ್ಮ ಅಭಿಜಿತ್, ದನಗಾಹಿಯದು ನಮ್ಮ ಶ್ರವಣ. ಶ್ರವಣದ ಎರಡು ಪಕ್ಕದ ಸಣ್ಣ ಚುಕ್ಕಿಗಳನ್ನು ಚೀನೀಯರು ಕಾವಡಿಯ ಮಕ್ಕಳೆಂದು ಕಂಡರು. ಇದೇ ಮೂರು ಚುಕ್ಕಿಗಳಲ್ಲಿ ನಮ್ಮವರು ತ್ರಿವಿಕ್ರಮನ ಮೂರು ಹೆಜ್ಜೆ ಕಂಡರು. ಅಭಿಜಿತ್ತಿಗೂ ನಮ್ಮಲ್ಲಿ ಅಗಲಿಕೆಯ ಕಥೆಯಿದೆ: ಹಿರಿತನಕ್ಕಾಗಿ ಅಕ್ಕ ರೋಹಿಣಿಯೊಡನೆ ಪೈಪೋಟಿಗಿಳಿದು ತಪಸ್ಸಿಗೆ ಹೋದಳೆಂದು ಮಹಾಭಾರತದ ವನಪರ್ವ ಹೇಳುತ್ತದೆ. ಚೀನೀಯರ ಏಳನೇ ತಿಂಗಳ ಏಳನೇ ದಿನ ಬಹುತೇಕ ವರ್ಷ ನಮ್ಮ ಶ್ರಾವಣ ಶುದ್ಧ ಸಪ್ತಮಿಯ ಆಸುಪಾಸಿನಲ್ಲೇ ಬೀಳುತ್ತದೆ. ಅಂದು ರಾತ್ರಿ ಹತ್ತರ ಹೊತ್ತಿಗೆ ಹೊರಗೆ ನಿಂತು ನೋಡಿ. ನೆತ್ತಿಯ ಹತ್ತಿರ ಶ್ರವಣ, ಅಲ್ಲಿಂದ ವಾಯವ್ಯಕ್ಕೆ ಇನ್ನೂ ಹೊಳಪಿನ ಅಭಿಜಿತ್, ನಡುವೆ ಹೊಳೆ.

ಇದು ರುಚಿಸಿದವರು ಮುಂದೆ ರೇಷ್ಮೆ ಹುಳುವಿನ ಹುಟ್ಟಿನ ಕಥೆಗೆ ಹೋಗಬಹುದು. ನಾಲ್ಕನೇ ಶತಮಾನದ ಗಾನ್ ಬಾವೊ ಬರೆದಿಟ್ಟದ್ದು. ದೂರ ಹೋದ ಅಪ್ಪನನ್ನು ಕರೆತಂದರೆ ನಿನ್ನನ್ನೇ ಮದುವೆಯಾಗುತ್ತೇನೆಂದು ಕುದುರೆಗೆ ಮಾತು ಕೊಟ್ಟ ಹುಡುಗಿ, ಕೊನೆಗೆ ಕೊಂದ ಕುದುರೆಯ ಚರ್ಮವೇ ಸುತ್ತಿಕೊಂಡು ಹುಳುವಾಗಿ ಮರದ ಮೇಲೆ ನೂಲು ಬಿಡುತ್ತಾಳೆ. ಕೊಟ್ಟ ಮಾತಿಗೆ ತಪ್ಪಿದ್ದರ ಬೆಲೆ ಅದು.

ಓದಿ ಮುಗಿಸಿ ಸುಮ್ಮನಾಗಬೇಡಿ, ಹೇಳಿ. ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಕಾಪಾಡಿದ ಕಾಡುಗೊಲ್ಲರ ಸಿರಿಯಜ್ಜಿ ಇದೇ ಚಳ್ಳಕೆರೆ ತಾಲ್ಲೂಕಿನವರು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಬರಹಕ್ಕಿಳಿಸಿದರು. ಬಾಯಿಂದ ಬಾಯಿಗೆ ದಾಟಿಸುವ ಅಭ್ಯಾಸ ಈ ನೆಲಕ್ಕೆ ರಕ್ತಗತ. ಸಪ್ತಮಿಯ ರಾತ್ರಿ ಮಳೆ ಬಂದರೆ ಅದು ಅಗಲಿದವರ ಕಣ್ಣೀರು ಎನ್ನುತ್ತಾರೆ ಚೀನೀಯರು. ಚಳ್ಳಕೆರೆಯಲ್ಲಿ ಅದು ಶೇಂಗಾ ಹೊಲ ಮೋಡ ನೋಡುತ್ತಿರುವ ಹೊತ್ತು. ಕೇಳಿದವರು ಆ ಮಳೆಗೆ ಬೇರೆ ಅರ್ಥ ಹಚ್ಚಿದರೆ ತಿದ್ದಬೇಡಿ. ಹೊರಗಿನ ಕಥೆ ಊರಿನದಾಗುವುದು ಹಾಗೆಯೇ.