ಶೋಕಗೀತಗಳೂ ಸಹೃದಯರ ಋಣವೂ

ಕ್ರೌಂಚಪಕ್ಷಿಯ ವಧೆಯನ್ನು ಕಂಡ ಋಷಿಯ ಬಾಯಲ್ಲಿ ಶೋಕವೇ ಶ್ಲೋಕವಾಯಿತೆಂಬ ಕಥೆಯು ಕಾವ್ಯಮೀಮಾಂಸೆಯನ್ನು ಓದಿದವರಿಗೆಲ್ಲ ಪರಿಚಿತವಾದುದೇ ಆಗಿದೆ. ಆ ಶೋಕವನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಲಾಗದು, ದುಃಖದಲ್ಲಿ ಮುಳುಗಿದವನಿಗೆ ಕಾವ್ಯ ಹುಟ್ಟುವುದಿಲ್ಲವೆಂದು ಅಭಿನವಗುಪ್ತರು ವಾದಿಸಿದ್ದಾರೆ. ದುಃಖಪಟ್ಟದ್ದು ಹಕ್ಕಿ, ಹಾಡಿದವನು ಋಷಿ, ಕೇಳಿ ಆನಂದಿಸಿದವರು ಲೋಕದ ಸಹೃದಯರು. ಈ ಮೂವರೂ ಬೇರೆ ಬೇರೆಯಾಗಿದ್ದುದರಿಂದಲೇ ಪ್ರಾಯಶಃ, ಹಕ್ಕಿಗೆ ಸಂದುದೇನೆಂದು ಆಲಂಕಾರಿಕರಲ್ಲಿ ಯಾರೂ ಕೇಳಲಿಲ್ಲ. ಆದರೆ ದುಃಖಪಟ್ಟವನೇ ಹಾಡಿ, ಹಾಡಿದವನನ್ನೇ ಸಂತೆಯಲ್ಲಿ ಹರಾಜು ಕೂಗಿ ಮಾರುತ್ತಿದ್ದ ದೇಶವೊಂದಿದ್ದಿತು. ಅಲ್ಲಿ ಹುಟ್ಟಿದ ಗೀತಗಳನ್ನು ವಿಮರ್ಶಿಸುವವನಿಗೆ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಅಮೇರಿಕಾ ಸಂಯುಕ್ತ ಸಂಸ್ಥಾನದ ಕಪ್ಪು ಜನರಲ್ಲಿ ಹುಟ್ಟಿದ ಡಬ್ಲ್ಯೂ. ಇ. ಬಿ. ಡುಬಾಯ್ಸರು (1868–1963) 1903 ರಲ್ಲಿ ಪ್ರಕಟಿಸಿದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಎಂಬ ಗ್ರಂಥವು ಈ ವಿಷಯದಲ್ಲಿ ಇಂದಿಗೂ ಮೊದಲು ಕೈಗೆತ್ತಿಕೊಳ್ಳತಕ್ಕ ಪುಸ್ತಕವಾಗಿದೆ. ಹದಿನಾಲ್ಕು ಪ್ರಬಂಧಗಳ ಈ ಗ್ರಂಥದಲ್ಲಿ ಚರಿತ್ರೆ, ಅರ್ಥಶಾಸ್ತ್ರ, ಮತವಿಚಾರ, ಒಂದು ಸಣ್ಣ ಕಥೆ, ಮಗನ ಮರಣದ ವಿಲಾಪ, ಕಡೆಗೆ ಸಂಗೀತ, ಎಲ್ಲವೂ ಸೇರಿವೆ. ಪ್ರತಿ ಪ್ರಬಂಧದ ನೆತ್ತಿಯ ಮೇಲೂ ಗ್ರಂಥಕರ್ತರು ಎರಡು ವಸ್ತುಗಳನ್ನಿಟ್ಟಿದ್ದಾರೆ. ಮೊದಲನೆಯದು ಬಹುಮಟ್ಟಿಗೆ ಐರೋಪ್ಯ ಕವಿಗಳ ಪದ್ಯಭಾಗ. ಎರಡನೆಯದು ದಾಸ್ಯದ ಕಾಲದ ಹಾಡೊಂದರ ಸ್ವರಲಿಪಿ. ಪದ್ಯಕ್ಕೆ ಕವಿಯ ಹೆಸರಿದೆ. ಸ್ವರಗಳಿಗೆ ಹೆಸರೂ ಇಲ್ಲ, ಸಾಹಿತ್ಯವೂ ಇಲ್ಲ. ಸ್ವರಲಿಪಿಯನ್ನು ಬಲ್ಲವನಿಗಲ್ಲದೆ ಉಳಿದವರಿಗೆ ಅದು ಬರಿಯ ಗೆರೆ ಚುಕ್ಕೆಗಳ ಸಾಲು. ಓದಲು ಬಾರದವರೆಂದು ಯಾರನ್ನು ಲೋಕವು ಹಳಿಯಿತೋ ಅವರ ಹಾಡಿನ ಮುಂದೆ, ಓದಬಲ್ಲ ವಾಚಕನೇ ನಿರಕ್ಷರಿಯಾಗಿ ನಿಲ್ಲುವಂತೆ ಮಾಡಿರುವುದು ಈ ರಚನೆಯ ಮರ್ಮ. ಕಡೆಯ ಪ್ರಬಂಧವನ್ನು ತಲಪಿದ ಮೇಲೆಯೇ ಆ ಸಾಲುಗಳಲ್ಲಿ ಕೆಲವು ಯಾವ ಹಾಡಿನವೆಂದು ಅವರು ತಿಳಿಸುತ್ತಾರೆ.

ಈ ಹಾಡುಗಳಿಗೆ ಡುಬಾಯ್ಸರು ಕೊಟ್ಟ ಹೆಸರು ಶೋಕಗೀತಗಳೆಂದು. ಇವುಗಳ ವಸ್ತು ಬೈಬಲ್ಲಿನದು: ಈಜಿಪ್ಟಿನ ಬಂಧನ, ಜೋರ್ಡಾನ್ ನದಿಯನ್ನು ದಾಟುವುದು, ಆಚೆಯ ದಡದ ಮನೆ. ವಾಚ್ಯಾರ್ಥದಲ್ಲಿ ಇವು ಪರಲೋಕದ ಹಾಡುಗಳು. ಆದರೆ ಹತ್ತಿಯ ಹೊಲದಲ್ಲಿ ಮೇಸ್ತ್ರಿಯ ಚಾವಟಿಯ ಕೆಳಗೆ ಹಾಡಿದಾಗ, ಆಚೆಯ ದಡವೆಂದರೆ ದಾಸ್ಯವಿಲ್ಲದ ಉತ್ತರದ ಸೀಮೆಯೂ ಹೌದೆಂಬುದು ಹಾಡುವವರಿಗೆ ಗೊತ್ತಿತ್ತು. ಕೇಳುವ ಒಡೆಯನಿಗೆ ಗೊತ್ತಿರಲಿಲ್ಲ. ವ್ಯಂಗ್ಯಾರ್ಥವು ಸಹೃದಯನಿಗೆ ಮಾತ್ರ ಹೊಳೆಯುವುದೆಂದು ಧ್ವನಿಕಾರರು ಹೇಳಿದಾಗ ಅವರ ಮನಸ್ಸಿನಲ್ಲಿದ್ದುದು ಆಸ್ಥಾನದ ವಿದ್ವಾಂಸರು. ಇಲ್ಲಿ ಸಹೃದಯನು ಸೆರೆಯಾಳು, ಅರಸಿಕನು ಜಮೀನುದಾರ. ಧ್ವನಿಯು ಹೊಳೆಯದಿರುವುದರ ಮೇಲೆ ಹಾಡಿದವನ ಬೆನ್ನಿನ ಕ್ಷೇಮ ನಿಂತಿತ್ತು. ಇಷ್ಟು ಬೆಲೆಯುಳ್ಳ ಧ್ವನಿಯು ಅಲಂಕಾರಗ್ರಂಥಗಳ ಉದಾಹರಣೆಗಳಲ್ಲಿ ದೊರೆಯುವುದಿಲ್ಲ. ಗುಲಾಮಗಿರಿಯಿಂದ ಓಡಿ ಬಂದ ಫ್ರೆಡರಿಕ್ ಡಗ್ಲಾಸರು 1845 ರ ತಮ್ಮ ಆತ್ಮಕಥೆಯಲ್ಲಿ, ಈ ಹಾಡುಗಳನ್ನು ಕೇಳಿ ಗುಲಾಮರು ಸಂತೋಷದಿಂದಿದ್ದಾರೆಂದು ನಂಬಿದವರನ್ನು ಕಂಡು ಬೆರಗಾದುದಾಗಿ ಬರೆದಿದ್ದಾರೆ. ತಾವೇ ಆ ವೃತ್ತದೊಳಗಿದ್ದಾಗ ಹಾಡಿನ ಆಳವನ್ನು ಅರಿಯಲಿಲ್ಲವೆಂದೂ ಒಪ್ಪಿಕೊಂಡಿದ್ದಾರೆ.

ಸಂಗೀತದ ಪ್ರಬಂಧವನ್ನು ಮಾತ್ರ ಓದಿ ಪುಸ್ತಕವನ್ನು ಮುಚ್ಚುವ ರಸಿಕರು ಬಹಳ. ಅದು ಸರಿಯಲ್ಲ. ಈ ಗ್ರಂಥದ ನಡುಭಾಗದಲ್ಲಿರುವ ಜಾರ್ಜಿಯಾ ಪ್ರಾಂತ್ಯದ ಡೌಗರ್ಟಿ ಜಿಲ್ಲೆಯ ವರ್ಣನೆಯನ್ನು ಓದದೆ ಆ ಹಾಡುಗಳ ಶ್ರುತಿ ಕಿವಿಗೆ ಬೀಳುವಂತಿಲ್ಲ. 1865 ರಲ್ಲಿ ದಾಸ್ಯವು ಕಾಯಿದೆಯಿಂದ ಅಳಿಯಿತು. ಸಾಲವು ಅದರ ಗದ್ದುಗೆಯನ್ನೇರಿತು. ಒಕ್ಕಲಿಗೆ ನೆಲವಿಲ್ಲ. ಊರ ವರ್ತಕನು ಮುಂದೆ ಬರುವ ಹತ್ತಿಯ ಬೆಳೆಯನ್ನು ಒತ್ತೆಯಾಗಿ ಬರೆಸಿಕೊಂಡು ಕಾಳು, ಮಾಂಸ, ಬಟ್ಟೆಗಳನ್ನು ತಾನು ಹೇಳಿದ ಬೆಲೆಗೆ ಕೊಡುವನು. ಕೊಯ್ಲಿನಲ್ಲಿ ಮೊದಲು ಗೇಣಿ, ಅನಂತರ ವರ್ತಕನ ಸಾಲ ಬಡ್ಡಿ, ಉಳಿದರೆ ಒಕ್ಕಲಿನದು. ಹತ್ತಿಯ ಧಾರಣೆ ಕುಸಿದಿದ್ದ 1898 ರಲ್ಲಿ ಮುನ್ನೂರು ಒಕ್ಕಲು ಕುಟುಂಬಗಳ ಲೆಕ್ಕವನ್ನು ಡುಬಾಯ್ಸರು ಕೊಟ್ಟಿದ್ದಾರೆ. 175 ಕುಟುಂಬಗಳು ವರ್ಷಾಂತ್ಯದಲ್ಲಿ ಒಟ್ಟು 14,000 ಡಾಲರ್ ಸಾಲದಲ್ಲಿ ಉಳಿದವು. 50 ಕುಟುಂಬಗಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಉಳಿದ 75 ಕುಟುಂಬಗಳಿಗೆ ಎಲ್ಲ ಸೇರಿ 1,600 ಡಾಲರ್ ಲಾಭ. ಅಂಕಿಗಳಿಗೆ ಕರುಣರಸವಿಲ್ಲವೆನ್ನುವವರು ಈ ಪುಟವನ್ನು ನೋಡಬೇಕು. ಒಕ್ಕಲುತನದ ಸಾಲವನ್ನು ಬಲ್ಲ ಕನ್ನಡ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಡುಗಳಿಗೂ ಇಂತಹುದೇ ಒಂದು ಲೆಕ್ಕಪುಸ್ತಕವಿದೆ. ಟೆನ್ನೆಸ್ಸೀ ಪ್ರಾಂತ್ಯದ ನ್ಯಾಶ್ವಿಲ್ ನಗರದಲ್ಲಿ ಬಿಡುಗಡೆ ಹೊಂದಿದವರ ಮಕ್ಕಳಿಗಾಗಿ 1866 ರಲ್ಲಿ ತೆರೆದ ಫಿಸ್ಕ್ ವಿದ್ಯಾಶಾಲೆಯು ಐದೇ ವರ್ಷಗಳಲ್ಲಿ ಮುಚ್ಚುವ ಸ್ಥಿತಿಗೆ ಬಂದಿತು. ಅದರ ಕೋಶಾಧಿಕಾರಿ ಜಾರ್ಜ್ ವೈಟರು ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು 1871 ರ ಅಕ್ಟೋಬರ್ 6 ರಂದು ಹಾಡಿ ಹಣ ತರಲು ಹೊರಟರು. ಮೊದಮೊದಲು ಅವರು ಹಾಡಿದುದು ಬಿಳಿಯರ ಸಭೆಗಳಿಗೆ ಒಪ್ಪುವ ಐರೋಪ್ಯ ಗೀತಗಳನ್ನು. ತಂದೆತಾಯಿಗಳ ಹಾಡುಗಳನ್ನು ಪರರ ಮುಂದೆ ಹಾಡಲು ಆ ಮಕ್ಕಳಿಗೆ ಮನಸ್ಸಿರಲಿಲ್ಲ. ಅವು ದಾಸ್ಯದ ನೆನಪುಗಳು, ಮಿಗಿಲಾಗಿ ಹಿರಿಯರ ಪ್ರಾರ್ಥನೆಗಳು. ಆದರೆ ಸಭೆಗಳು ಕರಗಿದುದು ಆ ಹಾಡುಗಳಿಗೇ. ರಾತ್ರಿ ತಂಗಲು ಹೋಟೆಲುಗಳವರು ಬಾಗಿಲು ತೆರೆಯದ ಊರುಗಳಲ್ಲಿಯೇ ಜನರು ಅವರ ಹಾಡಿಗೆ ಕಣ್ಣೀರಿಟ್ಟರು. 1873 ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಏಳು ವರ್ಷಗಳಲ್ಲಿ ಒಂದೂವರೆ ಲಕ್ಷ ಡಾಲರುಗಳನ್ನು ವಿದ್ಯಾಶಾಲೆಗೆ ತಂದರೆಂದು ಡುಬಾಯ್ಸರು ಬರೆಯುತ್ತಾರೆ. ಆ ಹಣದಿಂದ 1876 ರಲ್ಲಿ ಎದ್ದುನಿಂತ ಜುಬಿಲಿ ಮಂದಿರದ ನೆರಳಿನಲ್ಲಿಯೇ ಅವರು ಮುಂದೆ ವಿದ್ಯಾರ್ಥಿಯಾಗಿದ್ದರು. ಇಟ್ಟಿಗೆಗಳೆಲ್ಲ ಹಾಡುಗಳಿಂದಲೇ ಆದಂತೆ ಅವರಿಗೆ ತೋರುತ್ತಿತ್ತಂತೆ. ಕಣ್ಣೀರಿಟ್ಟ ಸಹೃದಯನು ಟಿಕೀಟಿನ ಹಣವನ್ನು ಕೊಟ್ಟನು, ಮಲಗಲು ಸ್ಥಳವನ್ನು ಕೊಡಲಿಲ್ಲ. ಇದನ್ನು ಯಾವ ಬಗೆಯ ರಸಾಸ್ವಾದವೆಂದು ಕರೆಯಬೇಕು? ಸಾಧಾರಣೀಕರಣವೆಂದು ಭಟ್ಟನಾಯಕರು ಹೇಳಿದ ವ್ಯಾಪಾರದಿಂದ ದುಃಖವು ಇಂಥವನದೆಂಬ ಗುರುತನ್ನು ಕಳೆದುಕೊಂಡು ಎಲ್ಲರ ಆಸ್ವಾದಕ್ಕೂ ಒದಗುತ್ತದೆ. ಶಾಕುಂತಲದಲ್ಲಿ ಅದು ಸರಿ. ದುಃಖಿತನು ವೇದಿಕೆಯ ಮೇಲೆಯೇ ನಿಂತಿರುವಾಗ ಅವನ ಗುರುತನ್ನು ಮರೆಯುವುದು ರಸಿಕತೆಯೋ, ಅನುಕೂಲವಾದ ಮರೆವೋ ಎಂಬುದು ಶಾಸ್ತ್ರಜ್ಞರು ಯೋಚಿಸತಕ್ಕ ವಿಷಯವಾಗಿದೆ.

ಡುಬಾಯ್ಸರ ಗ್ರಂಥವು ನಿರ್ದೋಷವೆಂದಲ್ಲ. ಅವರ ವಾಕ್ಯಗಳು ಕೆಲವೆಡೆ ಅತಿಯಾಗಿ ಅಲಂಕೃತವಾಗಿವೆ. ನೂಲುವ ಕೈಯೇ ಕಾಣದಷ್ಟು ಜರಿ. ಅದಕ್ಕಿಂತ ಹೆಚ್ಚಿನ ದೋಷವೆಂದರೆ ಈ ಹಾಡುಗಳೆಲ್ಲವನ್ನೂ ಶೋಕದ ಒಂದೇ ರಾಶಿಗೆ ಸೇರಿಸಿರುವುದು. ಕರುಣವೊಂದೇ ರಸವೆಂದು ಭವಭೂತಿ ಹೇಳಿದುದನ್ನು ಆಲಂಕಾರಿಕರು ಎಲ್ಲರೂ ಒಪ್ಪಲಿಲ್ಲ. ಕಪ್ಪು ಜನರಲ್ಲಿಯೇ ಹುಟ್ಟಿ, ಹಳ್ಳಿಗಳಲ್ಲಿ ತಿರುಗಿ ಹಾಡು ಕಥೆಗಳನ್ನು ಸಂಗ್ರಹಿಸಿದ ಜೋರಾ ನೀಲ್ ಹರ್ಸ್ಟನ್ನರು 1934 ರ ಒಂದು ಲೇಖನದಲ್ಲಿ ಈ ಹೆಸರನ್ನೇ ಹಾಸ್ಯಕ್ಕೆ ಗುರಿಮಾಡಿದರು. ಆ ಹಾಡುಗಳಲ್ಲಿ ಹೊಗಳಿಕೆಯೂ, ಜಗಳವೂ, ನಗೆಯೂ ಉಂಟು; ಕಚೇರಿಗಾಗಿ ತಿದ್ದಿ ತೀಡಿ ಹಾಡುವುದು ಮೂಲಗೀತವೇ ಅಲ್ಲ; ಸಭೆಯಲ್ಲಿ ಒಬ್ಬೊಬ್ಬರೂ ತಮತಮಗೆ ತೋರಿದಂತೆ ದನಿಗೂಡಿಸಿದಾಗ ಏಳುವ ಒರಟೇ ಅದರ ಜೀವವೆಂದು ಅವರ ಮತ. ಇದರಲ್ಲಿ ಬಹುಭಾಗ ನಿಜ. ಡುಬಾಯ್ಸರು ಓದಿದವರು, ಹಾರ್ವರ್ಡಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಕಲಿತವರು. ತಮ್ಮ ಜನರ ಹಾಡು ಐರೋಪ್ಯ ಸಂಗೀತದ ಪಕ್ಕದಲ್ಲಿ ಸಮನಾಗಿ ಕುಳಿತುಕೊಳ್ಳಬೇಕೆಂಬ ಹಂಬಲದಲ್ಲಿ, ಹಾಗೆ ಕುಳಿತುಕೊಳ್ಳಲೊಲ್ಲದ ಹಾಡಿನ ಮೇಲೆ ಅವರಿಗೆ ಅಷ್ಟು ಒಲವಿಲ್ಲ. ವೇದವನ್ನು ಕಲಿತವರಿಗೆ ಲಾವಣಿಯ ವಿಷಯದಲ್ಲಿ ಬರುವ ಕಿವುಡೂ ಇದೇ ಜಾತಿಯದು.

ಈ ಕಿವುಡಿನ ಫಲವು ವ್ಯಾಪಾರದಲ್ಲಿಯೂ ಕಾಣಿಸಿತು. 1920 ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿ ಹಾಡಿದ ಬ್ಲೂಸ್ ಗೀತದ ಗ್ರಾಮಫೋನ್ ತಟ್ಟೆ ಅಪಾರವಾಗಿ ಮಾರಾಟವಾದ ಮೇಲೆ, ಬಿಳಿಯ ಕಂಪೆನಿಗಳು ಕಪ್ಪು ಜನರಿಗೆಂದೇ ಬೇರೆ ಪಟ್ಟಿ ಮಾಡಿ ತಟ್ಟೆಗಳನ್ನು ಮಾರತೊಡಗಿದವು. ಹಾಡು ತಮ್ಮದು, ಕೊಳ್ಳುವವರು ತಮ್ಮವರು, ಲಾಭ ಮಾತ್ರ ಅನ್ಯರದೇಕೆಂದು ಹ್ಯಾರಿ ಪೇಸರು 1921 ರಲ್ಲಿ ಬ್ಲ್ಯಾಕ್ ಸ್ವಾನ್ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಡುಬಾಯ್ಸರೂ ಅದರ ನಿರ್ದೇಶಕರಲ್ಲೊಬ್ಬರು. ಆ ಕಂಪೆನಿಯವರು ಬೆಸ್ಸೀ ಸ್ಮಿತ್ತಳ ಕಂಠವನ್ನು ಪರೀಕ್ಷಿಸಿ, ಒರಟೆಂದು ಹಿಂದಕ್ಕೆ ಕಳುಹಿಸಿದರೆಂದು ಹೇಳುತ್ತಾರೆ. 1923 ರಿಂದ ಆಕೆ ಬೇರೊಂದು ಕಂಪೆನಿಗೆ ಹಾಡಿ ದೇಶಕ್ಕೆಲ್ಲ ಹೆಸರಾದಳು. ಬ್ಲ್ಯಾಕ್ ಸ್ವಾನ್ 1924 ರಲ್ಲಿ ಪರರ ಪಾಲಾಯಿತು. ಬೆಸ್ಸೀಗಾದರೂ ಸಂದುದೇನು? ಹಾಡೊಂದಕ್ಕೆ ಇಷ್ಟೆಂದು ಗೊತ್ತುಮಾಡಿದ ಹಣ, ಮಾರಾಟದಲ್ಲಿ ಪಾಲಿಲ್ಲ. ಬೆಳೆಯು ಎಷ್ಟಾದರೂ ಒಕ್ಕಲಿಗೆ ಹೆಚ್ಚಿಲ್ಲವೆಂಬ ಡೌಗರ್ಟಿಯ ಲೆಕ್ಕವೇ ತಟ್ಟೆಯ ಮೇಲೆ ತಿರುಗುತ್ತಿತ್ತು. ಆರ್ಥರ್ ಕ್ರಡಪ್ಪನು 1946 ರಲ್ಲಿ ಹಾಡಿದ ತನ್ನ ಹಾಡನ್ನು 1954 ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿ ಲೋಕಪ್ರಸಿದ್ಧನಾದನು. ಕ್ರಡಪ್ಪನು ಕೂಲಿನಾಲಿ ಮಾಡುತ್ತ, ತನಗೆ ಬರಬೇಕಾದ ಹಣಕ್ಕಾಗಿ ಅಲೆದು, ಅದರ ಬಹುಭಾಗವನ್ನು ಕಾಣದೆಯೇ 1974 ರಲ್ಲಿ ತೀರಿಕೊಂಡನು.

ದೇವಾಲಯದ ಹಾಡಿಗೂ ಪಾನಶಾಲೆಯ ಹಾಡಿಗೂ ನಡುವೆ ಎಳೆದಿದ್ದ ಗೆರೆಯನ್ನು ಅಳಿಸಿದವರು ಥಾಮಸ್ ಡಾರ್ಸಿಯವರು (1899–1993). ಅವರು ಮಾ ರೇನಿಯೆಂಬ ಗಾಯಕಿಗೆ ಪಿಯಾನೋ ನುಡಿಸಿದವರು, 1928 ರಲ್ಲಿ ಪೋಲಿ ಹಾಡೊಂದರಿಂದ ಹಣ ಕಂಡವರು. 1932 ರಲ್ಲಿ ಅವರು ಪರಸ್ಥಳದಲ್ಲಿದ್ದಾಗ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಆ ದುಃಖದಲ್ಲಿ ಅವರು ದೇವರ ಕೈ ಹಿಡಿಯಬೇಡಿ ಕಟ್ಟಿದ ಗೀತದಲ್ಲಿ ಧರ್ಮವಿದ್ದಂತೆ ಬ್ಲೂಸಿನ ಬಾಗೂ ಇದೆ. ಇಂತಹ ಸಂಗೀತವನ್ನು ಮೊದಲಲ್ಲಿ ಹಲವು ಚರ್ಚುಗಳು ಬಾಗಿಲಿನಿಂದಾಚೆಗೇ ನಿಲ್ಲಿಸಿದವು. ಮಾರ್ಟಿನ್ ಲೂಥರ್ ಕಿಂಗರು 1968 ರ ಏಪ್ರಿಲ್ 4 ರಂದು ಗುಂಡೇಟಿಗೆ ಬಲಿಯಾಗುವ ಮುನ್ನ, ಅಂದಿನ ಸಭೆಯಲ್ಲಿ ನುಡಿಸಬೇಕೆಂದು ಕೇಳಿದುದು ಈ ಗೀತವನ್ನೇ. ಅವರ ಅಂತ್ಯವಿಧಿಯಲ್ಲಿ ಅದನ್ನು ಮಹೇಲಿಯಾ ಜ್ಯಾಕ್ಸನ್ ಹಾಡಿದಳು.

ಒಡೆಯನ ಮತವನ್ನೇ ಒಪ್ಪಿ ಅದರಲ್ಲಿಯೇ ಬಿಡುಗಡೆಯನ್ನು ಹಾಡುವುದು ಹೇಗೆಂಬ ಸಂದೇಹವು ಹಿಂದೂ ವಾಚಕನಿಗೆ ಸಹಜವಾಗಿಯೇ ಬರುತ್ತದೆ. ಧರ್ಮಬೋಧಕ ಹೋವರ್ಡ್ ಥರ್ಮನ್ನರು ಪತ್ನಿಯೊಡನೆ 1935–36 ರಲ್ಲಿ ಭಾರತ, ಬರ್ಮಾ, ಸಿಂಹಳಗಳಲ್ಲಿ ಪ್ರವಾಸ ಮಾಡುತ್ತಿದ್ದಾಗ ಕೊಲಂಬೋ ನಗರದಲ್ಲಿ ಇದೇ ಪ್ರಶ್ನೆ ಎದುರಾಯಿತು. ಅದಕ್ಕೆ ಉತ್ತರವಾಗಿಯೋ ಎಂಬಂತೆ ಅವರು 1949 ರಲ್ಲಿ ಬರೆದ ಪುಸ್ತಕದಲ್ಲಿ ತಮ್ಮ ಅಜ್ಜಿಯ ಮಾತೊಂದಿದೆ. ದಾಸ್ಯದಲ್ಲಿ ಹುಟ್ಟಿದ ಆಕೆಗೆ ಓದು ಬಾರದು. ಮೊಮ್ಮಗನು ಬೈಬಲ್ಲನ್ನು ಓದಿ ಹೇಳಬೇಕು. ಆದರೆ ಸಂತ ಪಾಲನ ಪತ್ರಗಳನ್ನು, ಪ್ರೀತಿಯನ್ನು ಕುರಿತ ಅಧ್ಯಾಯವೊಂದನ್ನು ಬಿಟ್ಟು, ಓದಗೊಡಿಸಳು. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪಾಲನ ಮಾತನ್ನೇ ಒಡೆಯನ ಪಾದ್ರಿ ಮತ್ತೆ ಮತ್ತೆ ಬೋಧಿಸುತ್ತಿದ್ದನಂತೆ. ಬಿಡುಗಡೆಯಾದರೆ ಆ ಭಾಗವನ್ನು ಓದುವುದಿಲ್ಲವೆಂದು ಆಕೆ ಅಂದೇ ಸಂಕಲ್ಪಿಸಿದ್ದಳು. ಅಕ್ಷರ ತಿಳಿಯದವಳು ಮಾಡಿದ ಈ ಗ್ರಂಥಪರಿಷ್ಕರಣಕ್ಕೆ ಸಮನಾದುದು ಪಂಡಿತರಲ್ಲಿ ವಿರಳ. ಆ ಪ್ರವಾಸದಲ್ಲಿಯೇ, 1936 ರ ಫೆಬ್ರವರಿಯಲ್ಲಿ, ಬಾರ್ಡೋಲಿಯಲ್ಲಿ ಅವರು ಗಾಂಧೀಜಿಯವರನ್ನು ಕಂಡರು. ಗಾಂಧೀಜಿಯವರು ಶಿಲುಬೆಯ ಹಾಡೊಂದನ್ನು ಹಾಡಬೇಕೆಂದು ಕೇಳಿದರು. ಶ್ರೀಮತಿ ಥರ್ಮನ್ನರು ಹಾಡಿದರು. ಅಹಿಂಸೆಯ ಶುದ್ಧ ಸಂದೇಶವು ಪ್ರಾಯಶಃ ಈ ಜನರ ಮೂಲಕವೇ ಲೋಕಕ್ಕೆ ಮುಟ್ಟಬಹುದೆಂದು ಗಾಂಧೀಜಿಯವರು ಅಂದು ನುಡಿದರು.

1945 ರ ಅಕ್ಟೋಬರಿನಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಕೂಲಿಗಾಗಿ ಮುಷ್ಕರ ಹೂಡಿದವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ದಿನದ ಕಡೆಯಲ್ಲಿ ಅವರು ಹಾಡುತ್ತಿದ್ದ ಹಳೆಯ ಚರ್ಚಿನ ಹಾಡೊಂದು ಹೈಲ್ಯಾಂಡರ್ ಎಂಬ ಶಾಲೆಯನ್ನು ಸೇರಿ, ಸ್ವಲ್ಪ ಮಾರ್ಪಟ್ಟು, ‘ವಿ ಶಲ್ ಓವರ್‌ಕಮ್’ ಎಂದು ಪ್ರಸಿದ್ಧವಾಯಿತು. 1960 ರ ದಶಕದಲ್ಲಿ ಅದಕ್ಕೆ ನಾಲ್ವರು ಬಿಳಿಯರ ಹೆಸರಿನಲ್ಲಿ ಹಕ್ಕು ದಾಖಲಾಯಿತು. ಬಂದ ಹಣವನ್ನು ಅವರು ತಮಗಿಟ್ಟುಕೊಳ್ಳದೆ ಕಪ್ಪು ಜನರ ಕಾರ್ಯಗಳಿಗೆ ಒಂದು ನಿಧಿಯಾಗಿ ಬಿಟ್ಟರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕಡೆಗೆ ನ್ಯಾಯಾಲಯದ ವ್ಯವಹಾರ ನಡೆದು 2018 ರಲ್ಲಿ ಹಾಡು ಯಾರ ಸ್ವತ್ತೂ ಅಲ್ಲವೆಂದು ಇತ್ಯರ್ಥವಾಯಿತು. ಕನ್ನಡನಾಡಿನ ಶಾಲೆಗಳಲ್ಲಿ ಮಕ್ಕಳು ಇದೇ ಹಾಡನ್ನು ಕನ್ನಡದ ಮಾತುಗಳಲ್ಲಿ ಬಹುಕಾಲದಿಂದ ಹಾಡುತ್ತಿದ್ದಾರೆ. ಸ್ವರ ಮಾತ್ರ ಹೆಚ್ಚು ಬದಲಾಗಿಲ್ಲ. ಅದನ್ನು ಕಲಿಸುವ ಉಪಾಧ್ಯಾಯರು ಚಾರ್ಲ್ಸ್‌ಟನ್ನಿನ ಆ ಹೆಂಗಸರ ವಿಷಯವನ್ನು ಹಾಡಿಗೆ ಮುಂಚೆ ಎರಡು ಮಾತಿನಲ್ಲಿ ಹೇಳಬಹುದು. ಅದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯದು.