ನಾಳೆ ಬಾ ಎನ್ನಲಾಗದ ಗಾಡಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕಿದವರು ನಾವು. ಸ್ವೀಡನ್ನಿಗೆ ಬಂದ ಮೇಲೆ ನೋಡಿದ ವಿಕ್ಟರ್ ಶೋಸ್ಟ್ರೋಮ್ ಅವರ ಮೂಕಿಚಿತ್ರ ‘ಶೋರ್‌ಕಾರ್ಲೆನ್’ (1921) ಆ ಉಪಾಯವನ್ನೇ ಕಸಿದುಕೊಂಡಿತು. ಸೆಲ್ಮಾ ಲಾಗರ್‌ಲೋಫ್ ಅವರ 1912ರ ಕಾದಂಬರಿಯನ್ನು ಆಧರಿಸಿದ ಈ ಕಥೆಯಲ್ಲಿ, ವರ್ಷದ ಕಟ್ಟಕಡೆಗೆ ಸತ್ತವನು ಮುಂದಿನ ವರ್ಷವಿಡೀ ಸಾವಿನ ಗಾಡಿ ಹೊಡೆಯಬೇಕು. ಛಾಯಾಗ್ರಾಹಕ ಯೂಲಿಯಸ್ ಯೆನ್ಸೋನ್ ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರಿಸಿ ಗಾಡಿಯನ್ನು ಪಾರದರ್ಶಕವಾಗಿಸಿದರು. ಅದು ಕಡಲಿನ ಮೇಲೂ ಸಾಗುತ್ತದೆ. ನನ್ನನ್ನು ನಡುಗಿಸಿದ್ದು ಮಾತ್ರ ಕುಡುಕ ಡೇವಿಡ್ ಹೋಲ್ಮ್. ಹೆಂಡತಿ ಮಕ್ಕಳಿಗೆ ತಾನು ಕೊಟ್ಟ ಹಿಂಸೆಯ ಫಲವನ್ನು ಅವನು ಸತ್ತು ನಿಂತು ನೋಡಬೇಕು. ಕೊನೆಗೆ ಸಿಗುವ ಮರುಜೀವ ತುಸು ಉಪದೇಶವೆನಿಸಿತು. ಆದರೂ ನಮ್ಮ ಎಷ್ಟೋ ದೆವ್ವದ ಚಿತ್ರಗಳಂತೆ ಮಂತ್ರವಾದಿ ಬಂದೊಡನೆ ಕರಗುವ ಭಯವಲ್ಲ ಇದು. ಮನೆಯವರ ಕಣ್ಣೀರಿಗೆ ‘ನಾಳೆ ಬಾ’ ಎನ್ನಲು ಬಾಗಿಲೆಲ್ಲಿದೆ?